ಹಳದಿ ಪುಡಿಯ ಹೈಡ್ರೋಜನ್

ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡು ತಾರಸಿಗೆ ಬಂದ ಸಿದ್ದಾರೂಢ ಹೌಹಾರಿದ. ಕಟ್ಟೆಯ ಮೇಲೆ ಇಟ್ಟಿದ್ದ ಸ್ಟೀಲ್ ತಟ್ಟೆ ಅಲ್ಲೇ ಇತ್ತು. ತಟ್ಟೆಯಲ್ಲಿದ್ದ ಹಳದಿ ಪುಡಿ ಮಾತ್ರ ಇರಲಿಲ್ಲ.

ಅದು ಅಂತಿಂಥ ಪುಡಿಯಲ್ಲ. ಸಿಲಿಕಾ, ಅಂದರೆ ನಮ್ಮ ಮರಳಿನ ಜಾತಿಯದೇ ವಸ್ತು. ಆದರೆ ಜೇನುಹುಟ್ಟಿನ ಹಾಗೆ ಒಳಗೆಲ್ಲ ಕಣ್ಣಿಗೆ ಕಾಣದ ತೂತು. ಆ ತೂತುಗಳಲ್ಲಿ ಕ್ಯಾಡ್ಮಿಯಂ ಸಲ್ಫೈಡ್ ಎಂಬ ಅರೆವಾಹಕದ ನ್ಯಾನೋ ಕಣಗಳು. ಈ ಕಣಗಳನ್ನು ಹಾಗೇ ನೀರಿಗೆ ಬಿಟ್ಟರೆ ಮದುವೆಮನೆಯಲ್ಲಿ ಸೇರಿದ ನೆಂಟರ ಹಾಗೆ ಒಂದಕ್ಕೊಂದು ಅಂಟಿಕೊಂಡು, ಗುಂಪು ಕಟ್ಟಿ, ಬಂದ ಕೆಲಸವನ್ನೇ ಮರೆತುಬಿಡುತ್ತವೆ. ಹಾಸ್ಟೆಲ್ ಹುಡುಗರಿಗೆ ಕೊಟ್ಟ ಹಾಗೆ ಒಂದೊಂದಕ್ಕೂ ಒಂದೊಂದು ಕೋಣೆ ಕೊಟ್ಟು ಕೂರಿಸಿದರೆ, ಬಿಸಿಲು ಬಿದ್ದದ್ದೇ ತಡ, ನೀರಿನಿಂದ ಹೈಡ್ರೋಜನ್ ಬಿಡಿಸತೊಡಗುತ್ತವೆ. ಪೆಟ್ರೋಲ್ ಬೇಡ, ಕಲ್ಲಿದ್ದಲು ಬೇಡ. ಬಿಸಿಲು ಮತ್ತು ನೀರು ಇದ್ದರೆ ಸಾಕು, ಉರಿಯುವ ಅನಿಲ ಸಿಕ್ಕಿತು.

ಹೇಳಲು ಇಷ್ಟೇ. ಮಾಡಲು ಹೋಗಿ ಸಿದ್ದಾರೂಢನ ತಲೆಗೂದಲು ಮುಂಭಾಗದಲ್ಲಿ ಹಿಂದೆ ಸರಿದಿತ್ತು. ಗದಗದ ಕಡೆಯಿಂದ ಸಂಶೋಧನೆಗೆಂದು ಬೆಂಗಳೂರಿಗೆ ಬಂದು, ಬಿಟಿಎಂ ಲೇಔಟಿನಲ್ಲಿ ತಿಮ್ಮರಾಯಪ್ಪನವರ ಮನೆಯ ಮೇಲಿನ ಒಂಟಿ ರೂಮಿನಲ್ಲಿದ್ದುಕೊಂಡು, ವರ್ಷಗಟ್ಟಲೆ ಅವನು ಮಾಡಿದ ಪುಡಿಗಳೆಲ್ಲ ನೀರಿನ ತಳದಲ್ಲಿ ಹೊಟ್ಟೆ ತುಂಬ ಉಂಡವರ ಹಾಗೆ ಮಲಗಿದ್ದವು. ನಿನ್ನೆ ಸಂಜೆ ಈ ಹೊಸ ಪುಡಿಯಿಂದ ಕೆಲವು ಗುಳ್ಳೆಗಳು ಎದ್ದವು. ಎದ್ದದ್ದೇ ಖುಷಿಯಲ್ಲಿ ಅವನು ಕುಣಿದ. ಕುಣಿದ ರಭಸಕ್ಕೆ ಮೊಣಕೈ ತಗುಲಿ ಪ್ರಯೋಗಾಲಯದ ದೊಡ್ಡ ದೀಪ ಒಡೆಯಿತು.

ಅವನ ಗೈಡ್ ಅನ್ನಪೂರ್ಣ ಮೇಡಂ ಧಾರವಾಡದವರು. ಫೋನಿನಲ್ಲಿ ಸುದ್ದಿ ಕೇಳಿ, “ದೀಪ ಹೋದರ ಹೋಗಲಿ, ಸೂರ್ಯಾ ಅದಾನಲ್ಲೋ ತಮ್ಮಾ,” ಅಂದಿದ್ದರು. “ನಾಳೆ ರಾಜ್ಯೋತ್ಸವ, ಸಂಸ್ಥೆಗೆ ರಜಾ. ಪುಡಿ ತೊಳದು ಮನಿಗೆ ಒಯ್ದು ಒಣಗಿಸು. ನಾ ಮಧ್ಯಾಹ್ನ ಜೆ.ಪಿ. ನಗರದಿಂದ ಏರ್‌ಪೋರ್ಟಿಗೆ ಹೋಗೂ ದಾರ್ಯಾಗ ನಿಮ್ಮ ಮನಿಗೇ ಬರ್ತೀನಿ. ಗುಳ್ಳಿ ಕಣ್ಣಿಂದ ನೋಡಿದೆ ಅಂದ್ರ ಸಿಂಗಾಪುರದ ಸಮ್ಮೇಳನದಾಗ ಹೇಳೇ ಬಿಡ್ತೀನಿ. ನೋಡಲಿಲ್ಲ ಅಂದ್ರ ಮಾತ್ರ, ಸಿದ್ದಾರೂಢ, ಇದನ್ನ ಇಲ್ಲಿಗೇ ಬಿಡು. ಗ್ವಾಡಿ ಸುಣ್ಣದ ಮ್ಯಾಲ ಒಂದು ಪ್ರಾಜೆಕ್ಟ್ ಬಂದೈತಿ, ಅದನ್ನ ಹಿಡಿ.”

ಲೋಕಕ್ಕೆ ಇಂಧನ ಕೊಡಲು ಹೊರಟವನಿಗೆ ಗೋಡೆ ಸುಣ್ಣ! ಸಿದ್ದಾರೂಢ ರಾತ್ರಿಯೆಲ್ಲ ಹೊರಳಾಡಿ, ಬೆಳಗಾಗುತ್ತಲೇ ಒದ್ದೆ ಪುಡಿಯನ್ನು ತಟ್ಟೆಯಲ್ಲಿ ಹರಡಿ ಬಿಸಿಲಿಗಿಟ್ಟಿದ್ದ. ಈಗ ನೋಡಿದರೆ ಹೀಗೆ.

ಕಟ್ಟೆಯ ಕೆಳಗೆ ಹುಡುಕಿದ. ನೀರಿನ ಟ್ಯಾಂಕಿನ ಹಿಂದೆ ಹುಡುಕಿದ. ಗಾಳಿಗೆ ಹಾರಿತೇ ಎಂದು ತಾರಸಿಯಿಂದ ಬಗ್ಗಿ ಬೀದಿಗೆ ಕಣ್ಣು ಹಾಯಿಸಿದ. ಹಾಯಿಸಿದವನು ಕಂಬದ ಹಾಗೆ ನಿಂತುಬಿಟ್ಟ.

ಬೀದಿಯ ನಡುವೆ, ರಾಜ್ಯೋತ್ಸವದ ಪೆಂಡಾಲಿನ ಮುಂದೆ, ಕನ್ನಡ ಬಾವುಟದ ದೊಡ್ಡ ರಂಗೋಲಿ. ಕೆಳಗಿನ ಅರ್ಧ ಕುಂಕುಮದ ಕೆಂಪು. ಮೇಲಿನ ಅರ್ಧ ಥಳಥಳ ಹೊಳೆಯುವ ನಿಂಬೆಹಣ್ಣಿನ ಹಳದಿ. ಅವನದೇ ಹಳದಿ! ಅದರ ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದವಳು ಓನರ್ ಮಗಳು ಅರ್ಪಿತ, ಬಿಕಾಂ ಓದುವ ಹುಡುಗಿ.

ಸಿದ್ದಾರೂಢ ಪ್ಯಾಂಟು ಏರಿಸಿ, ಅಂಗಿಯ ಗುಂಡಿಯನ್ನು ಒಂದು ಮೇಲೆ ಒಂದು ಕೆಳಗೆ ಹಾಕಿಕೊಂಡು, ಕೈಗೆ ಸಿಕ್ಕ ಚಮಚವೊಂದನ್ನು ಜೇಬಿಗಿಳಿಸಿ, ಮೆಟ್ಟಿಲ ಮೇಲೆ ತೆಂಗಿನಕಾಯಿ ಉರುಳಿದ ಹಾಗೆ ಉರುಳಿ ಬಂದ.

“ಅರ್ಪಿತಾ ಅವ್ರ, ಈ ಹಳದಿ ಎಲ್ಲಿಂದ ತಂದ್ರಿ?”

“ಅದು ಸೀಕ್ರೆಟ್ ಸಾರ್,” ಅಂದಳು ಅವಳು ಕಣ್ಣು ಮಿಟುಕಿಸಿ. “ರಂಗೋಲಿ ಕಾಂಪಿಟಿಷನ್ ಜಡ್ಜ್ ಬರೋವರ್ಗೂ ಯಾರಿಗೂ ಹೇಳಲ್ಲ. ಸಖತ್ತಾಗಿದೆ ಅಲ್ವಾ?”

“ಸಖತ್ ಐತ್ರೀ. ಆದ್ರ ನೀವು ಮೊದ್ಲು ಹೋಗಿ ಸೋಪು ಹಚ್ಚಿ ಕೈ ತೊಳಕೊಳ್ರಿ. ಆ ಪುಡಿ ಮೈಗೆ ಒಳ್ಳೇದಲ್ಲ.”

ಅರ್ಪಿತ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಓಹೋ! ನಾನು ಆ ಕಡೆ ಹೋಗ್ತಿದ್ದಂಗೆ ಕಾಲಲ್ಲಿ ಅಳಿಸೋಕಾ? ಮೂರನೇ ಕ್ರಾಸ್‌ನೋರು ನಿಮ್ಮನ್ನ ಕಳಿಸಿದ್ರಾ ಸಾರ್?”

ಇನ್ನು ಮಾತಾಡಿ ಫಲವಿಲ್ಲ ಎನ್ನಿಸಿತು ಅವನಿಗೆ. ಅಂಗಿಯ ಜೇಬಿನಲ್ಲಿದ್ದ ಚಮಚ ತೆಗೆದ. ಚಪ್ಪಲಿಯ ಪಟ್ಟಿ ಸರಿಮಾಡುವವನ ಹಾಗೆ ಮೆಲ್ಲಗೆ ಕುಕ್ಕರುಗಾಲಲ್ಲಿ ಕೂತು ಹಳದಿಯ ಅಂಚಿಗೆ ಕೈಚಾಚಿದ.

ಪೀಪೀ ಎಂದು ಸೀಟಿ ಕೂಗಿತು.

“ಯಾರ್ರೀ ಅದು? ಧ್ವಜದ ಮೇಲೆ ಕೈ!”

ಕನ್ನಡ ಸಂಘದ ಕಾರ್ಯದರ್ಶಿ ನೀಲಕಂಠಪ್ಪ. ರಿಟೈರಾದ ಡ್ರಿಲ್ ಮೇಷ್ಟ್ರು. ಕೆಲಸ ಹೋದರೂ ಸೀಟಿ ಕೊರಳಲ್ಲೇ ಉಳಿದಿತ್ತು. ಸೀಟಿ ಕೇಳಿದ್ದೇ ಪೆಂಡಾಲಿನಲ್ಲಿ ಪುಳಿಯೋಗರೆ ಕಾಯುತ್ತಿದ್ದವರೆಲ್ಲ ಬಂದು ಸುತ್ತುಗಟ್ಟಿದರು.

“ಕನ್ನಡ ಬಾವುಟಾನ ಚಮಚದಲ್ಲಿ ಕೆರೀತಿದ್ದ! ನಾನೇ ನೋಡ್ದೆ!” ಅಂದ ಎದುರುಮನೆಯ ಹನುಮಯ್ಯ, ನಿಂತಿದ್ದ ಸ್ಕೂಟರಿನ ಮೇಲಿಂದ ಇಳಿಯದೆಯೇ.

“ನಾನೂ ಕನ್ನಡದಾಂವನ ರೀ!” ಸಿದ್ದಾರೂಢನ ಧ್ವನಿ ಕೀರಲಾಯಿತು. “ಗದಗಿನಾಂವ! ನೀವೇನು ತಿಳಕೊಂಡೀರಿ? ಅದು ರಂಗೋಲಿ ಪುಡಿ ಅಲ್ರೀ. ನಾ ಮಾಡಿದ್ದು. ಅದನ್ನ ನೀರಾಗ ಹಾಕಿ ಬಿಸಿಲಿಗಿಟ್ರ ಗ್ಯಾಸ್ ಬರ್ತೈತಿ.”

ಗುಂಪು ಇನ್ನೊಂದು ಹೆಜ್ಜೆ ಹತ್ತಿರ ಸರಿಯಿತು.

“ಏನು ಬರುತ್ತೆ?” ನೀಲಕಂಠಪ್ಪ ಕಿವಿ ಮುಂದೆ ಮಾಡಿದರು.

“ಗ್ಯಾಸ್ ರೀ. ಉರಿಯೂ ಗ್ಯಾಸ್.”

“ಯಾವುದರಿಂದ ಮಾಡಿದ್ದು?”

“ಸಿಲಿಕಾದಿಂದ್ರಿ. ಅಂದ್ರ ಒಂಥರಾ ಮರಳು ಅನ್ರಿ. ಅದರೊಳಗ ಸಣ್ಣ ಸಣ್ಣ...”

ಮುಂದಿನದನ್ನು ಕೇಳುವ ವ್ಯವಧಾನ ನೀಲಕಂಠಪ್ಪನವರಿಗೆ ಇರಲಿಲ್ಲ. ಎರಡು ಹೆಜ್ಜೆಗೆ ವೇದಿಕೆ ಹತ್ತಿ ಮೈಕು ಹಿಡಿದರು. “ಹಲೋ, ಹಲೋ. ಬಾಂಧವರೇ! ನಮ್ಮ ಬೀದಿಯಲ್ಲೇ ವಾಸವಾಗಿರುವ ನಮ್ಮ ಕನ್ನಡದ ವಿಜ್ಞಾನಿ, ಮರಳು ಮತ್ತು ನೀರಿನಿಂದ ಅಡುಗೆ ಗ್ಯಾಸ್ ತಯಾರಿಸಿದ್ದಾರೆ! ಇವತ್ತು ಇಲ್ಲೇ ತೋರಿಸಿಕೊಡಲಿದ್ದಾರೆ!”

ಅಲ್ಲಿಂದ ಮುಂದೆ ಬೀದಿ ಬೀದಿಯಾಗಿ ಉಳಿಯಲಿಲ್ಲ. ಸಿಲಿಂಡರ್ ಬುಕ್ ಮಾಡಿ ಕಾದು ಕಾದು ಸೀಮೆಎಣ್ಣೆ ಸ್ಟೌವಿಗೆ ಇಳಿದಿದ್ದ ಮನೆಗಳಿಂದ ಹೆಂಗಸರು ಕೊಡಪಾನ ಹಿಡಿದು ಬಂದರು. ಸಿದ್ದಗಂಗಮ್ಮ ಎಂಬ ಅಜ್ಜಿಯಂತೂ ಖಾಲಿ ಸಿಲಿಂಡರನ್ನೇ ಉರುಳಿಸಿಕೊಂಡು ಬಂದು ಅವನ ಕಾಲ ಬಳಿ ನಿಲ್ಲಿಸಿದರು. “ಮೊದಲು ನನಗೆ ತುಂಬಿಸಪ್ಪಾ. ಅರ್ಧಾನೇ ಸಾಕು. ಹಬ್ಬದ ಹೋಳಿಗೆಗೂ ಸೌದೆ ಊದ್ದೋಳು ನಾನು.”

ಹನುಮಯ್ಯ ಸ್ಕೂಟರಿನ ಟ್ಯಾಂಕಿನ ಮುಚ್ಚಳ ತೆಗೆದ. “ಗುರು, ಇದರೊಳಗೆ ಹಾಕಿದ್ರೆ ಮೈಲೇಜ್ ಎಷ್ಟು ಕೊಡುತ್ತೆ?”

ಸಿದ್ದಾರೂಢನಿಗೆ ಭಯವಾಗಬೇಕಿತ್ತು. ಆದರೆ ಇಷ್ಟು ವರ್ಷ ಅವನ ಹೈಡ್ರೋಜನ್ ಕತೆಯನ್ನು ಕೇಳಿದವರೆಲ್ಲ ಆಕಳಿಸಿದ್ದರು. ಮನೆಯವರು “ಗ್ಯಾಸ್ ಏಜೆನ್ಸಿ ತೆಗೀತಿಯೇನೋ” ಅಂದಿದ್ದರು. ಈಗ ಒಂದು ಬೀದಿಗೆ ಬೀದಿಯೇ ಬಾಯಿ ಬಿಟ್ಟುಕೊಂಡು ಕೇಳುತ್ತಿದೆ. ಅವನಿಗೆ ಉಮೇದು ಬಂತು. ಸಿಲಿಂಡರಿನ ಮೇಲೆ ಒಂದು ಕಾಲಿಟ್ಟು, ಕಣ ಎಂದರೇನು, ತೂತು ಎಂದರೇನು, ಬೆಳಕು ಬಿದ್ದಾಗ ಏನಾಗುತ್ತದೆ ಎಂದು ಕೈಬೀಸಿ ಬೀಸಿ ವಿವರಿಸಿದ. “ಹಾಸ್ಟೆಲ್ ರೂಮು” ಎಂಬ ಹೋಲಿಕೆಗೆ ಚಪ್ಪಾಳೆಯೂ ಬಿತ್ತು.

“ಅದಕ್ಕ ಒಂದು ಚಮಚ ಪುಡಿ ಕೊಡ್ರಿ ನನಗ,” ಎಂದು ಕೊನೆಗೆ ಕೈಮುಗಿದ.

ನೀಲಕಂಠಪ್ಪ ಗಡ್ಡ ಕೆರೆದುಕೊಂಡು ತೀರ್ಪು ಕೊಟ್ಟರು. ಜಡ್ಜ್ ನೋಡುವವರೆಗೆ ಬಾವುಟ ಮುಟ್ಟುವ ಹಾಗಿಲ್ಲ. ಆಮೇಲೆ ಅರ್ಪಿತ ತಾನಾಗಿ ಒಂದು ಚಮಚ ಎತ್ತಿಕೊಡುತ್ತಾಳೆ. ಆದರೆ ಪ್ರಯೋಗ ರೂಮಿನೊಳಗೆ ಅಲ್ಲ, ವೇದಿಕೆಯ ಮೇಲೆ, ಎಲ್ಲರ ಮುಂದೆ ನಡೆಯಬೇಕು.

ಸಿದ್ದಾರೂಢ ಒಪ್ಪಿದ. ಒಪ್ಪದೆ ಎಲ್ಲಿಗೆ ಹೋಗುತ್ತಾನೆ?

ಜಡ್ಜ್ ಬರುವುದು ತಡವಾಯಿತು. ಅಷ್ಟು ಹೊತ್ತೂ ಸಿದ್ದಾರೂಢ ರಂಗೋಲಿಗೆ ಕಾವಲು ನಿಂತ. ನಾಯಿ ಬಂದರೆ ಓಡಿಸಿದ, ಗಾಳಿ ಬಂದರೆ ಅಡ್ಡ ನಿಂತ, ಆಟೋ ಬಂದರೆ ಕೈ ಅಗಲಿಸಿ ಹಿಂದಕ್ಕೆ ಕಳಿಸಿದ. ಸ್ವಂತ ಮದುವೆಯ ಮಂಟಪಕ್ಕೂ ಯಾರೂ ಹೀಗೆ ಕಾವಲು ನಿಂತಿರಲಾರರು. ಕಡೆಗೆ ಜಡ್ಜ್ ಬಂದರು, ಹಳದಿಗೆ ಮಾರುಹೋದರು, ಅರ್ಪಿತಳಿಗೆ ಮೊದಲ ಬಹುಮಾನ ಎಂದು ಮೈಕು ಕೂಗಿತು. ಅದೇ ಹೊತ್ತಿಗೆ ತಲೆಯ ಮೇಲೆ ಸೂಟ್‌ಕೇಸ್ ಕಟ್ಟಿಕೊಂಡ ಟ್ಯಾಕ್ಸಿಯೊಂದು ಬೀದಿಯ ತುದಿಯಲ್ಲಿ ನಿಂತಿತು. ಅನ್ನಪೂರ್ಣ ಮೇಡಂ ಇಳಿದರು.

“ಏನೋ ಇದು, ಜಾತ್ರಿ?”

“ಮೇಡಂ, ಎಲ್ಲಾರೂ ನೋಡಾಕ ಬಂದಾರ್ರೀ!”

“ಏನ ನೋಡಾಕ?”

“ಹೈಡ್ರೋಜನ್ ರೀ!”

ಮೇಡಂ ತುಟಿ ಕಚ್ಚಿ ನಗು ತಡೆದರು. ಅವರನ್ನು ವೇದಿಕೆಗೆ ಕರೆದೊಯ್ದು, ನೀಲಕಂಠಪ್ಪ ಶಾಲು ಹೊದಿಸಿ ಕೂರಿಸಿಯೂ ಆಯಿತು.

ಸಿದ್ದಾರೂಢ ರೂಮಿನಿಂದ ಗಾಜಿನ ಫ್ಲಾಸ್ಕು ತಂದ. ನೀರು ಹಾಕಿದ. ಲ್ಯಾಕ್ಟಿಕ್ ಆಸಿಡ್ ಸುರಿದ. ಮೊಸರನ್ನು ಹುಳಿ ಮಾಡುವ ಆಮ್ಲವೇ ಅದು, ಕಣಗಳ ಕೆಲಸಕ್ಕೆ ಕೈಯಾಸರೆಯಾಗಲಿ ಎಂದು ಹಾಕುವುದು. ಅರ್ಪಿತ ಕೊಟ್ಟ ಚಮಚದ ಹಳದಿಯನ್ನು ಒಳಗೆ ಬಿಟ್ಟ. ಮಟಮಟ ಮಧ್ಯಾಹ್ನದ ಬಿಸಿಲಿಗೆ ಫ್ಲಾಸ್ಕನ್ನು ಎತ್ತಿ ಹಿಡಿದ.

ಎದ್ದವು ಗುಳ್ಳೆ! ಒಂದೆರಡಲ್ಲ. ಸೋಡಾ ಬಾಟಲಿ ಒಡೆದ ಹಾಗೆ ಜುಮ್ಮೆಂದು, ಬುಸಬುಸ ನೊರೆಯಾಗಿ, ಫ್ಲಾಸ್ಕಿನ ಕತ್ತಿನವರೆಗೆ ಎದ್ದವು.

“ಬಂತು! ಗ್ಯಾಸ್ ಬಂತು!” ಬೀದಿ ಹೋ ಎಂದಿತು. ಹನುಮಯ್ಯ ಹಾರ್ನ್ ಒತ್ತಿದ. ಸಿದ್ದಗಂಗಮ್ಮ ಸಿಲಿಂಡರನ್ನು ಇನ್ನೂ ಹತ್ತಿರ ಉರುಳಿಸಿದರು. ಸಿದ್ದಾರೂಢನ ಕಣ್ಣಲ್ಲಿ ನೀರು ಬಂತು. ಅವನು ಮೇಡಂ ಕಡೆ ತಿರುಗಿದ. ಮೇಡಂ ಮಾತ್ರ ಚಪ್ಪಾಳೆ ತಟ್ಟುತ್ತಿರಲಿಲ್ಲ.

“ಇಷ್ಟು ಜೋರು ಹೆಂಗ ಬರ್ತಾವೋ?” ಎಂದು ಎದ್ದು ಬಂದರು. “ಯಾರರೆ ಕಡ್ಡಿಪೆಟ್ಟಿಗಿ ಕೊಡ್ರಿ.”

ಹೈಡ್ರೋಜನ್ ಆದರೆ ಕಡ್ಡಿ ತೋರಿಸಿದ ತಕ್ಷಣ ಟಪ್ ಎಂದು ಸಿಡಿದು ಉರಿಯಬೇಕು. ಮೇಡಂ ಕಡ್ಡಿ ಗೀರಿ ಫ್ಲಾಸ್ಕಿನ ಬಾಯಿಗೆ ಹಿಡಿದರು. ಜನ ಕಿವಿ ಮುಚ್ಚಿಕೊಂಡರು.

ಕಡ್ಡಿ ಪುಸ್ಸೆಂದು ಆರಿತು.

ಇನ್ನೊಂದು ಗೀರಿದರು. ಅದೂ ಆರಿತು. ಮೂರನೆಯದನ್ನು ಗೀರುವ ಬದಲು ಚಮಚದಲ್ಲಿ ಉಳಿದ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು.

“ಸಿದ್ದಾರೂಢ, ಇದು ನಿನ್ನ ಪುಡಿ ಅಲ್ಲೋ. ಬಣ್ಣ ಹಾಕಿದ ಸುಣ್ಣಕಲ್ಲಿನ ಪುಡಿ. ಹುಳಿ ಬಿದ್ದ ಕೂಡ್ಲೆ ಕಾರ್ಬನ್ ಡೈಆಕ್ಸೈಡ್ ಬಂತು, ಅಷ್ಟೇ. ಬೆಂಕಿ ಹಚ್ಚೂದಲ್ಲ, ಆರಸೂ ಗ್ಯಾಸ್ ಮಾಡೀ ನೀ.”

“ನಾನು ಕೆ.ಆರ್. ಮಾರ್ಕೆಟ್ಟಿಂದ ತಂದಿದ್ದು ಮೇಡಂ!” ಅರ್ಪಿತಳ ಸೀಕ್ರೆಟ್ ಹೊರಬಿತ್ತು. “ಇವರ ಪುಡಿ ನಾನ್ಯಾಕ್ ಮುಟ್ಲಿ?”

ಸಿದ್ದಗಂಗಮ್ಮ ಸಿಲಿಂಡರನ್ನು ವಾಪಸ್ ತಿರುಗಿಸಿದರು. ಆ ಗಡಗಡ ಶಬ್ದ ಸಿದ್ದಾರೂಢನ ಎದೆಯ ಮೇಲೇ ಉರುಳಿದ ಹಾಗಾಯಿತು. ಮೇಡಂ ವಾಚು ನೋಡಿಕೊಂಡು, ಅವನ ಹೆಗಲು ತಟ್ಟಿ, “ಬ್ಯಾಸರ ಮಾಡಕೋಬ್ಯಾಡ. ಸುಣ್ಣಾನೂ ಛೊಲೋ ಸಬ್ಜೆಕ್ಟೇ,” ಎಂದು ಟ್ಯಾಕ್ಸಿ ಹತ್ತಿದರು. ಟ್ಯಾಕ್ಸಿ ತಿರುವಿನಲ್ಲಿ ಮರೆಯಾಯಿತು.

ಆಗಲೇ ತಿಮ್ಮರಾಯಪ್ಪನವರ ಮನೆಯ ಹಿತ್ತಲಿನಿಂದ ಢಂ ಎಂಬ ಶಬ್ದ ಬಂತು. ಕಿಟಕಿ ಗಾಜುಗಳು ಗಲಗಲ ಅಂದವು. ಕಾಗೆಗಳು ಎದ್ದವು.

ಎಲ್ಲರಿಗಿಂತ ಮೊದಲು ಓಡಿದವನು ಸಿದ್ದಾರೂಢ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ಓನರ್ ತಿಮ್ಮರಾಯಪ್ಪ ಕಾಲು ಚಾಚಿ ಕೂತಿದ್ದರು. ಒಂದು ಕಾಲಕ್ಕೆ ಇದೇ ಜಾಗದಲ್ಲಿ ರಾಗಿ ಬೆಳೆದವರು, ಈಗ ಬಾಡಿಗೆ ಮನೆಗಳ ಯಜಮಾನರು. ಊರಿಗೆಲ್ಲ ಹೆಸರಾದ ಅವರ ಗಿರಿಜಾ ಮೀಸೆಯಲ್ಲಿ ಬಲಗಡೆಯದು ಇರಲಿಲ್ಲ. ಅದರ ಜಾಗದಲ್ಲಿ ಸಣ್ಣ ಹೊಗೆ ಏಳುತ್ತಿತ್ತು. ಪಕ್ಕದಲ್ಲಿ ಹಿತ್ತಾಳೆಯ ಕೊಡವೊಂದು ಸೊಟ್ಟಗಾಗಿ ಬಿದ್ದಿತ್ತು.

“ನನ್ ತವರಿನ ಕೊಡ!” ಎಂದು ಹಿಂದೆಯೇ ಓಡಿಬಂದ ಹೆಂಡತಿ ಬೈರಮ್ಮ ಕಿರುಚಿದರು. “ಇವತ್ ಬೆಳಿಗ್ಗೆ ತಿಕ್ಕಿ ಫಳಫಳ ಮಾಡಿಟ್ಟಿದ್ದೆ! ತಾರಸಿ ಮೇಲೆ ತಟ್ಟೇಲಿ ಯಾವುದೋ ಹಳದಿ ಪುಡಿ ಇತ್ತು, ಹುಣಸೆಹಣ್ಣಿನ ಜೊತೆ ಹಾಕಿ ತಿಕ್ಕಿ, ಬೋಗುಣಿ ನೀರಲ್ಲಿ ಬೋರಲು ಹಾಕಿದ್ದೆ. ಏನ್ರೀ ಮಾಡಿದ್ರಿ ಅದಕ್ಕೆ?”

ತಿಮ್ಮರಾಯಪ್ಪ ಮೀಸೆಯಿದ್ದ ಜಾಗವನ್ನು ತಡವಿಕೊಂಡರು.

ಸಿದ್ದಾರೂಢನ ತಲೆಯಲ್ಲಿ ಬಲ್ಬು ಹತ್ತಿತು. ಹಳದಿ ಪುಡಿ! ಹುಣಸೆ ಹುಳಿ! ನೀರು! ಬಿಸಿಲು! ಬೋರಲು ಹಾಕಿದ ಕೊಡ, ಅಂದರೆ ಎದ್ದ ಅನಿಲವೆಲ್ಲ ತಪ್ಪಿಸಿಕೊಳ್ಳದೆ ಅದರೊಳಗೇ ಸೇರಿಕೊಂಡಿದೆ. ಪುಸ್ತಕದಲ್ಲಿ ಬರೆದ ಚಿತ್ರವೂ ಇಷ್ಟು ಸರಿಯಾಗಿರುವುದಿಲ್ಲ.

“ಅಂಕಲ್, ನಿಮ್ಮ ಕೈಯಾಗ ಬೆಂಕಿ ಇತ್ತೇನ್ರೀ? ಬೀಡಿ?”

ತಿಮ್ಮರಾಯಪ್ಪ ಹೆಂಡತಿಯ ಮುಖ ನೋಡಿದರು, ಅವನ ಮುಖ ನೋಡಿದರು. “ಹ್ಞೂ... ಇತ್ತು ಸಾರ್. ಬೀಡಿ ಇತ್ತು.”

“ಕೊಡ ಎತ್ತಿದ್ರಿ, ಟಪ್ ಅಂತು?”

“ಎತ್ದೆ. ಅಂತು. ನೀವು ಹೇಳ್ದಂಗೇ ಆಯ್ತು.”

“ಹೈಡ್ರೋಜನ್!” ಸಿದ್ದಾರೂಢ ಗಾಳಿಯಲ್ಲಿ ಜಿಗಿದ. “ಅವ್ವಾರ, ಅದು ಹೈಡ್ರೋಜನ್ ರೀ! ವಾಸನಿ ನೋಡ್ರಿ, ಗಂಧಕದ ವಾಸನಿ! ನನ್ನ ಪುಡ್ಯಾಗ ಸಲ್ಫೈಡ್ ಐತಲ್ಲ, ಅದರದೇ!”

ಬೋಗುಣಿಯ ನೀರು ಎಲ್ಲಿ ಎಂದು ನೋಡಿದರೆ ಅದೆಲ್ಲ ಚೆಲ್ಲಿ, ಮೋರಿಯ ಪಾಲಾಗಿತ್ತು. ಒಂದು ಕಾಳು ಹಳದಿಯೂ ಉಳಿದಿರಲಿಲ್ಲ. ಆದರೇನು? ಬೈರಮ್ಮನಿಗೆ ಕೈ ಚೆನ್ನಾಗಿ ತೊಳೆಯುವಂತೆಯೂ, ಆ ಕೊಡವನ್ನು ಮತ್ತೆ ನೀರಿಗೆ ಬಳಸದಂತೆಯೂ ಕೂಗಿ ಹೇಳಿ, ಅವನು ಮೂಲೆಯ ಎಸ್‌ಟಿಡಿ ಬೂತಿಗೆ ಓಟ ಕಿತ್ತ. ಓಡುವಾಗಲೇ ಹನುಮಯ್ಯನಿಗೆ, ನೀಲಕಂಠಪ್ಪನವರಿಗೆ, ಸಿಲಿಂಡರಿನ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದ ಸಿದ್ದಗಂಗಮ್ಮನಿಗೆ ಸುದ್ದಿ ಕೂಗಿ ಹೇಳಿದ.

ಮೇಡಂ ಮೊಬೈಲ್ ಬಹಳ ಹೊತ್ತು ಸಿಗಲಿಲ್ಲ. ಮತ್ತೆ ಮತ್ತೆ ಒತ್ತಿದ. ಕೊನೆಗೆ ಸಿಕ್ಕಿತು.

“ಮೇಡಂ, ಟಪ್ ಅಂತು ರೀ! ಟಪ್ ಅಲ್ಲ, ಢಂ ಅಂತು! ಓನರ್ ಮೀಸಿ ಅರ್ಧಾ ಸುಟ್ಟೈತಿ!” ಎಂದು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದ. ಪುಡಿ, ಹುಣಸೆ, ಬೋರಲು ಕೊಡ, ಬೀಡಿ, ಗಂಧಕದ ವಾಸನೆ.

ಆ ಕಡೆ ಮೇಡಂ ಧ್ವನಿಯೂ ಏರಿತು. “ಹುಣಸಿಯೊಳಗ ಟಾರ್ಟಾರಿಕ್ ಆಸಿಡ್ ಐತಿ! ಅದು ಲ್ಯಾಕ್ಟಿಕ್ಕಿಗಿಂತ ಛೊಲೋ ಕೆಲಸ ಮಾಡೇತಿ ಅಂತಾತು! ನೀ ಕಣ್ಣಾರೆ ನೋಡೀ ಏನೋ?”

“ಕೇಳೀನ್ರೀ! ಮೀಸಿ ನೋಡೀನಿ!”

“ಶಹಬ್ಬಾಸ್ ಮಗನ! ನಾಳೆ ನನ್ನ ಭಾಷಣದಾಗ ಮೊದಲನೇ ಮಾತು ಇದೇ. ನಿನ್ನ ಹೆಸರು ಹೇಳ್ತೀನಿ. ಜಪಾನಿನವರು ಬಂದಿರ್ತಾರ, ಅವರನ್ನ ಕರಕೊಂಡೇ ಬರ್ತೀನಿ, ನೀ ತೋರಸಬೇಕು. ಹಾಂ, ವಿಮಾನ ಹತ್ತಬೇಕು. ಫೋನ್ ಬಂದ್ ಮಾಡ್ತೀನಿ.”

ಸಿದ್ದಾರೂಢ ರಿಸೀವರ್ ಇಟ್ಟು, ಬೂತಿನ ಗಾಜಿಗೆ ಹಣೆ ಒತ್ತಿ ನಕ್ಕ. ಸಿಂಗಾಪುರ! ಜಪಾನ್! ಬಾಗಿಲು ತಳ್ಳಿ ಹೊರಗೆ ಬಂದರೆ, ಮುಖದ ಬಲಭಾಗಕ್ಕೆ ಟವೆಲ್ ಅಡ್ಡ ಹಿಡಿದುಕೊಂಡು ತಿಮ್ಮರಾಯಪ್ಪ ನಿಂತಿದ್ದರು. ಅವನನ್ನು ಬೇವಿನ ಮರದ ಮರೆಗೆ ಎಳೆದರು.

“ಸಾರ್, ನಿಮ್ಮ ಮೇಡಂಗೆ ಹೇಳಿಬಿಟ್ರಾ?”

“ಹೇಳೇ ಬಿಟ್ಟೆ ಅಂಕಲ್! ನಾಳೆ ಲೋಕಕ್ಕೆಲ್ಲಾ ಗೊತ್ತಾಗ್ತೈತಿ!”

ತಿಮ್ಮರಾಯಪ್ಪ ಎಡಗಡೆ ಉಳಿದಿದ್ದ ಮೀಸೆಯನ್ನು ಮೆಲ್ಲಗೆ ನೀವಿಕೊಂಡರು. “ಅದು ಹೈಡ್ರೋಜನ್ ಅಲ್ಲ ಸಾರ್. ಆಟಂ ಬಾಂಬ್.”

“ಏನಂದ್ರಿ?”

“ದೀಪಾವಳಿದು ಒಂದು ಮಿಕ್ಕಿತ್ತು. ಮಗಳಿಗೆ ಫಸ್ಟ್ ಪ್ರೈಜ್ ಅಂತ ಮೈಕಲ್ಲಿ ಕೂಗಿದ್ರಲ್ಲ, ಖುಷಿ ತಡೀಲಿಲ್ಲ. ಬಚ್ಚಿಟ್ಟಿದ್ದನ್ನ ಹುಡುಕಿ ತೆಗೆಯೋಕೇ ಹೊತ್ತಾಯ್ತು. ಜನಕ್ಕೆ ತಗುಲದೇ ಇರ್ಲಿ ಅಂತ ಹಿತ್ತಲಿಗೆ ಹೋಗಿ, ನೀರು ಚೆಲ್ಲಿ, ಆ ಕೊಡದ ಕೆಳಗೆ ಇಟ್ಟು ಹಚ್ಚಿದೆ. ಹತ್ತಿಲ್ಲ ಅಂದ್ಕೊಂಡು ಬಗ್ಗಿ ನೋಡ್ದೆ, ಅಷ್ಟರಲ್ಲಿ ಹೊಡೀತು. ಹಬ್ಬದಲ್ಲಿ ಒಣಗಾಕಿದ್ದ ರೇಷ್ಮೆ ಸೀರೆ ಸುಟ್ಟಿದ್ದೆ ಸಾರ್. ಇನ್ನೊಂದು ಪಟಾಕಿ ಹೊಡೆದ್ರೆ ತವರಿಗೆ ಹೋಗ್ತೀನಿ ಅಂದಿದ್ಲು ಇವಳು. ಏನು ಹೇಳೋದು ಅಂತ ನಡುಗ್ತಾ ಕೂತಿದ್ದೆ, ನೀವು ದೇವರು ಬಂದಂಗೆ ಬಂದು ಬೀಡಿ ಇತ್ತಾ ಅಂತ ಕೇಳಿದ್ರಿ.”

ಸಿದ್ದಾರೂಢ ತಿರುಗಿ ಬೂತಿಗೆ ನುಗ್ಗಿದ. ಬೆರಳು ತಪ್ಪಿ ತಪ್ಪಿ ನಂಬರ್ ಒತ್ತಿದ. ನೀವು ಕರೆ ಮಾಡಿರುವ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ ಎಂದು ಹೆಣ್ಣು ಧ್ವನಿಯೊಂದು ಬಹಳ ಸಮಾಧಾನದಿಂದ ಹೇಳಿತು. ಮತ್ತೆ ಒತ್ತಿದ. ಮತ್ತೆ ಅಷ್ಟೇ ಸಮಾಧಾನದಿಂದ ಹೇಳಿತು. ಮೇಲೆ, ಬಿಟಿಎಂ ಲೇಔಟಿನ ಆಕಾಶದಲ್ಲಿ, ವಿಮಾನವೊಂದು ಗುಡುಗುತ್ತ ಹೋಯಿತು.

ಬಾಗಿಲ ಸಂದಿಯಿಂದ ತಿಮ್ಮರಾಯಪ್ಪ ತಲೆ ಒಳಗೆ ಹಾಕಿದರು.

“ಬೈರಮ್ಮಂಗೆ ಮಾತ್ರ ಹೇಳ್ಬೇಡಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ. ನಮ್ಮನೇಲಿ ಅದು ಹೈಡ್ರೋಜನ್ನೇ ಆಗಿರ್ಲಿ.”